ಮಿಂಚುಗೈಗೆ ಬಾಯಿ ಬಂತು

ಮೊದಲ ದೃಶ್ಯದಲ್ಲೇ ಅವನು ಬಾಯಿ ತೆರೆದು, "ಯಾವನೋ ಅವ್ನು, ಬಾರೋ ಈಚೆಗೆ!" ಎಂದು ಗುಡುಗಿದ. ನನ್ನ ಕೈಯಲ್ಲಿದ್ದ ಟೀ ಅರ್ಧ ಮಡಿಲಿಗೆ ಚೆಲ್ಲಿತು.

ಅಯ್ಯೋ, ಮಿಂಚುಗೈ ಎಂದಾದರೂ ಮಾತಾಡಿದ್ದುಂಟೇ? ಅವನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಅವನ ಚಿತ್ರ ಬರೆಯುವ ನನ್ನ ಅಕ್ಕನೂ ಹಾಗೆಯೇ. ನಮ್ಮ ಕಾಮಿಕ್ಸ್‌ನಲ್ಲಿ ಚಿತ್ರ ಅಕ್ಕನದು, ಕಥೆ ನನ್ನದು. ಉಳಿದವರ ಮಾತನ್ನೆಲ್ಲ ನಾನು ಗುಳ್ಳೆಗಳೊಳಗೆ ಬರೆಯುತ್ತೇನೆ, ಮಿಂಚುಗೈಗೆ ಮಾತ್ರ ಗುಳ್ಳೆಯಿಲ್ಲ. ಅವನು ಕೈಯಲ್ಲಿ ಮಾತಾಡುತ್ತಾನೆ, ಅದೂ ಮಿಂಚಿನ ಹಾಗೆ, ಅದಕ್ಕೇ ಆ ಹೆಸರು. ಗೋಡೆ ಕೆಡವುವ ಶಕ್ತಿಯಿರುವುದು ಭುಜದಲ್ಲಿ. ಕೈ ಇರುವುದು ಮಾತಿಗೆ. ಪುಸ್ತಕ ಓದುವ ಯಾವ ಮಗುವನ್ನು ಕೇಳಿದರೂ ಇಷ್ಟನ್ನು ಹೇಳುತ್ತದೆ.

ಟೀವಿಯವರು ಮಾತ್ರ ಯಾವ ಮಗುವನ್ನೂ ಕೇಳಿರಲಿಲ್ಲ.

ಧಾರಾವಾಹಿಯ ಮೊದಲ ಕಂತು ತೋರಿಸುತ್ತೇವೆಂದು ನಮ್ಮನ್ನು ಸ್ಟುಡಿಯೋಗೆ ಕರೆದಿದ್ದರು. ಕಿಟಕಿಯಿಲ್ಲದ ಪುಟ್ಟ ಕೋಣೆ, ಮೆತ್ತನೆ ಕುರ್ಚಿಗಳು, ಗೋಡೆಯಗಲದ ಪರದೆ. ನನ್ನ ಎಡಕ್ಕೆ ಅಕ್ಕ, ಬಲಕ್ಕೆ ನಮ್ಮ ಪುಸ್ತಕದ ಪ್ರಕಾಶಕರು. ಹಿಂದೆ ಗೋಡೆಗೊರಗಿ ನಿಂತ ನಿರ್ದೇಶಕ. ಬಾಗಿಲಲ್ಲೇ ಪ್ರಕಾಶಕರು ನನ್ನ ಕಿವಿಯಲ್ಲಿ ಊದಿದ್ದರು: "ನೋಡಮ್ಮ, ಮುಂದಿನ ಸಂಚಿಕೆಯಿಂದ ಪುಸ್ತಕನೂ ಟೀವಿ ಥರಾನೇ ಮಾಡೋಣ ಅಂತಿದ್ದೀನಿ. ಎರಡೂ ಬೇರೆ ಬೇರೆ ಆದ್ರೆ ಜನಕ್ಕೆ ಗೊಂದಲ. ನಿಮ್ಮಕ್ಕ ಹೂಂ ಅನ್ನದೆ ಪುಸ್ತಕದಲ್ಲಿ ಒಂದು ಗೆರೆ ಬದಲಾಯಿಸೋ ಹಾಗಿಲ್ಲವಲ್ಲ, ಸ್ವಲ್ಪ ಒಪ್ಪಿಸು."

ಆ ಮಾತನ್ನು ಅಲ್ಲೇ ಅಕ್ಕನಿಗೆ ಕೈಯಲ್ಲಿ ತಿಳಿಸಿದ್ದೆ. ಯಾವುದನ್ನು ಒಪ್ಪಿಸಬೇಕೆಂಬುದು ಈಗ ಗೊತ್ತಾಯಿತು. ಹೂಂ ಎಂದರೆ ಪುಸ್ತಕದಲ್ಲೂ ಅವನಿಗೆ ಬಾಯಿ ಬರುತ್ತದೆ, ಕೈ ಹೋಗುತ್ತದೆ.

ಪರದೆಯ ಮೇಲೆ ಒಂದು ಮನೆ ಹೊತ್ತಿಕೊಂಡಿತು, ಮಹಡಿಯಲ್ಲೊಂದು ಹುಡುಗಿ ಸಿಕ್ಕಿಕೊಂಡಳು. ಇದು ಅಕ್ಕನ ಅತಿ ಚೆಂದದ ಪುಟ. ಅದರಲ್ಲಿ ಮಿಂಚುಗೈ ಹೊಗೆಯ ನಡುವೆ ಮಂಡಿಯೂರಿ, ಎರಡೂ ಅಂಗೈಗಳನ್ನು ಮೆಲ್ಲಗೆ ಕೆಳಗಿಳಿಸಿ 'ಹೆದರಬೇಡ' ಎನ್ನುತ್ತಾನೆ. ಚೌಕಟ್ಟಿನ ಮುಕ್ಕಾಲು ಪಾಲು ಕೈಗಳೇ. ಅದರ ಮೇಲೆ ಬೆರಳಿಟ್ಟುಕೊಂಡು ಎಷ್ಟು ಹೊತ್ತು ಬೇಕಾದರೂ ನೋಡುತ್ತಿರಬಹುದು. ಟೀವಿಯಲ್ಲಿ ಮುಕ್ಕಾಲು ಪಾಲು ನಟನ ಮೂಗು. ಕೊನೆಗೆ ಕೈ ಬಂತು. ಅದೇ ಅಂಗೈಗಳು ಕೆಳಗಿಳಿದವು. ಢಮಾರ್! ಅಂಗೈಯಿಂದ ನೀಲಿ ಬೆಂಕಿ ಚಿಮ್ಮಿ, ಎದುರಿದ್ದ ನಾಲ್ವರು ಖಳರು ಹಾರಿ ಬಿದ್ದರು.

'ಹೆದರಬೇಡ' ಎಂಬ ಮಾತನ್ನು ಇವರು ಬಾಂಬು ಮಾಡಿದ್ದರು! ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವುದೆಂದರೆ ಇದೇ ಅಲ್ಲವೇ? ಮಾತನ್ನು ಮಂತ್ರ ಅಂದುಕೊಂಡಿದ್ದರು ಮಹಾನುಭಾವರು. ಹಿಂದಿನಿಂದ ನಿರ್ದೇಶಕ ಬಗ್ಗಿ ಹೆಮ್ಮೆಯಿಂದ ಪಿಸುಗುಟ್ಟಿದ: "ಮೇಡಂ, ಒಂದೊಂದು ಭಂಗೀನೂ ನಿಮ್ಮ ಪುಸ್ತಕ ಮುಂದಿಟ್ಕೊಂಡೇ ತೆಗೆದಿರೋದು. ಒಂದು ಬೆರಳೂ ತಪ್ಪಿಲ್ಲ."

ಆ ಹೊತ್ತಿಗೆ ನಟನ ತುಟಿಗಳು ಮತ್ತೆ ಆಡಿದವು. ಅಕ್ಕ ನನ್ನ ಮೊಣಕೈ ತಿವಿದಳು. ಪರದೆ ತೋರಿಸಿ, ತುಟಿ ತೋರಿಸಿ, ಕೈಯಲ್ಲಿ ಕೇಳಿದಳು: "ಏನಂತಿದ್ದಾನೆ?"

ನನಗೆ ಅಳು ನುಗ್ಗಿ ಬಂತು. ಲೋಕದಲ್ಲಿ ಎಲ್ಲರೂ ಬಾಯಿಯಲ್ಲಿ ಮಾತಾಡುತ್ತಾರೆ, ಅದನ್ನೆಲ್ಲ ನಾನು ಅವಳಿಗೆ ಕೈಯಲ್ಲಿ ತಿಳಿಸಬೇಕು. ಡಾಕ್ಟರು, ಅಂಗಡಿಯವರು, ನಮ್ಮ ಸ್ವಂತ ಚಿಕ್ಕಮ್ಮ, ಎಲ್ಲರ ಮಾತೂ ಅವಳಿಗೆ ನನ್ನಿಂದಲೇ ತಲುಪಬೇಕು. ಮಿಂಚುಗೈ ಒಬ್ಬ ಮಾತ್ರ ಅವಳೊಡನೆ ನೇರವಾಗಿ ಮಾತಾಡುತ್ತಿದ್ದ. ಈಗ ಅವನು ಏನೆಂದ ಅಂತಲೂ ಅವಳು ನನ್ನನ್ನು ಕೇಳಬೇಕು. ಕೈಯಲ್ಲಿ ಹೇಳಿದೆ: "ನನ್ನ ಕೈಲಿ ಸಿಕ್ಕಿದ್ರೆ ನೀನು ಬೂದಿ ಅಂತಾನೆ." ಅಕ್ಕ ಕಣ್ಣು ಮಿಟುಕಿಸದೆ ನನ್ನನ್ನೇ ನೋಡಿದಳು.

ದೀಪ ಹತ್ತಿತು. ನಿರ್ದೇಶಕ ಮುಂದೆ ಬಂದು ಕೈ ಹೊಸೆಯುತ್ತ, "ಹೇಗಿತ್ತು ಅಕ್ಕಾ?" ಎಂದ. ಪ್ರಕಾಶಕರು ನನಗೆ ಕಣ್ಣುಸನ್ನೆ ಮಾಡಿದರು.

ಅಕ್ಕ ಒಂದೇ ಸನ್ನೆ ಮಾಡಿದಳು: ತಪ್ಪು.

ನಾನು ಸುಮ್ಮನಿರುತ್ತೇನೆಯೇ? "ಅಕ್ಕ ಏನಂತಾಳೆ ಗೊತ್ತಾ? ನಿಮಗೆ ನಾಚಿಕೆ ಇಲ್ವಾ ಅಂತಾಳೆ! ಮಗುಗೆ ಧೈರ್ಯ ಹೇಳೋ ಕೈಲಿ ಪಟಾಕಿ ಹೊಡಿಸಿದ್ದೀರಲ್ರೀ! ಕಣ್ಣು ನೆತ್ತಿ ಮೇಲಿತ್ತಾ ಅಂತಾಳೆ!" ಹೀಗೆ ಅವನ ಮುಖಕ್ಕೆ ಸರಿಯಾಗಿ ಮಂಗಳಾರತಿ ಎತ್ತುತ್ತಲೇ ಇದ್ದೆ. ಅಕ್ಕ ಕುರ್ಚಿಯ ಕೈಯನ್ನು ಪಟಾರೆಂದು ಬಡಿದಳು.

"ನಾನು ಹೇಳಿದ್ದು ಒಂದೇ ಮಾತು," ಅವಳ ಕೈಗಳು ಉರಿಯುತ್ತಿದ್ದವು. "ನಿನ್ನ ಬಾಯಿ ಯಾಕೆ ಇಷ್ಟು ಹೊತ್ತು ಆಡ್ತು?"

"ನಿನ್ನ ಪರವಾಗಿ ತಾನೆ ಅಕ್ಕಾ..."

"ಅವರು ಅವನಿಗೆ ಬಾಯಿ ಹಾಕಿದ್ರು. ನೀನು ನನಗೆ ಹಾಕ್ತಿದ್ದೀಯ. ಬಾಯಿ ಮುಚ್ಚು. ಅವರೇ ನೋಡಲಿ."

ನನ್ನ ಕೆನ್ನೆಗೆ ಹೊಡೆದಂತಾಯಿತು. ತುಟಿ ಕಚ್ಚಿಕೊಂಡು ಕುಳಿತೆ.

ಅಕ್ಕ ಎದ್ದು ನಿರ್ದೇಶಕನ ಎದುರು ನಿಂತಳು. ಪರದೆಯತ್ತ ಬೆರಳು ತೋರಿದಳು, ತನ್ನ ಬಾಯಿ ಮುಟ್ಟಿದಳು, ಅಂಗೈಯನ್ನು ಅವನತ್ತ ತಳ್ಳಿದಳು. ಪ್ರಕಾಶಕರ ತೊಡೆಯ ಮೇಲಿದ್ದ ನಮ್ಮ ಪುಸ್ತಕವನ್ನು ಎತ್ತಿ ಎದೆಗೊತ್ತಿಕೊಂಡಳು. ಒಂದು ಕೈ ಎತ್ತಿ ಐದೂ ಬೆರಳು ಆಡಿಸಿದಳು. ಬಾಯಿಗೆ ಅಡ್ಡ ಬೆರಳಿಟ್ಟು ಬೇಡವೆಂದು ತಲೆಯಾಡಿಸಿದಳು.

"ಏನಂತಾರೆ?" ಅವನು ನನ್ನನ್ನು ಕೇಳಿದ. ನಾನು ಉತ್ತರಿಸಲಿಲ್ಲ. ಅಕ್ಕ ಅವನ ಗಲ್ಲ ಹಿಡಿದು ಮುಖವನ್ನು ತನ್ನತ್ತ ತಿರುಗಿಸಿಕೊಂಡು, ಎಲ್ಲವನ್ನೂ ಇನ್ನೊಮ್ಮೆ ಹೇಳಿದಳು. ಈ ಸಲ ಅವನು ಅವಳ ಕೈಗಳನ್ನು ನೋಡಿದ.

"ಟೀವಿ... ಬಾಯಿ... ಅದು ನಮಗೆ ಬಿಟ್ಟಿದ್ದು," ಎಂದು ಅವಳಂತೆಯೇ ಬೆರಳು ತೋರುತ್ತ ತಡವರಿಸಿದ. "ಪುಸ್ತಕ ನಿಮ್ಮದು. ಅದರಲ್ಲಿ ಕೈ ಮಾತ್ರ. ಬಾಯಿ ಬೇಡ. ಅಲ್ವಾ ಅಕ್ಕಾ?"

ಅಕ್ಕ ಹೌದೆಂದು ತಲೆಯಾಡಿಸಿದಳು. "ಪುಸ್ತಕ ಹೇಗಿದೆಯೋ ಹಾಗೇ ಇರ್ಲಿ ಬಿಡಿ," ಎಂದು ಪ್ರಕಾಶಕರು ಗೊಣಗಿದರು. ಪುಸ್ತಕ ಉಳಿಯಿತು.

ಮನೆಗೆ ಬರುವಾಗ ದಾರಿಯುದ್ದಕ್ಕೂ ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು, ಅವಳ ಸಿಟ್ಟು ಇಳಿದಿತ್ತು. ನನ್ನದು ಇಳಿಯಲಿಲ್ಲ. ಆ ನಿರ್ದೇಶಕನಿಗೆ ಅರ್ಥವಾಗಿತ್ತಲ್ಲ, ಅದೇ ನನ್ನ ಹೊಟ್ಟೆ ಉರಿಸಿದ್ದು. ಒಂದು ನಿಮಿಷವೂ ಹಿಡಿಯಲಿಲ್ಲ. ಚಿತ್ರೀಕರಣಕ್ಕೆ ಮೊದಲು ಒಂದು ದಿನ ನಮ್ಮ ಮನೆಗೆ ಬಂದು ಅವಳೆದುರು ಕೂತಿದ್ದರೆ ಅವನ ಗಂಟೇನು ಹೋಗುತ್ತಿತ್ತು?