ಕಾಗದದ ಬಿಳಿ

ನಾವು ಪ್ರಾರ್ಥನೆಗೆ ಸೇರುವ ಸಭಾಮನೆಯಲ್ಲಿ ಪಾದ್ರಿ ಇಲ್ಲ, ಹಾಡಿಲ್ಲ, ಗಂಟೆಯಿಲ್ಲ. ಭಾನುವಾರ ಬೆಂಚುಗಳ ಮೇಲೆ ಒಂದು ಗಂಟೆ ಸುಮ್ಮನೆ ಕೂರುತ್ತೇವೆ. ದೇವರು ಒಳಗಿನಿಂದ ಎಬ್ಬಿಸಿದವರು ಎದ್ದು ಎರಡು ಮಾತು ಹೇಳಿ ಕೂರುತ್ತಾರೆ. ನನ್ನ ಗೆಳತಿ ಒರ್ಫಾಳನ್ನು ಮಾತ್ರ ದೇವರು ವಾರ ತಪ್ಪದೆ ಎಬ್ಬಿಸುತ್ತಿದ್ದ. ಅವಳ ಅಕ್ಕ ಮರ್ಸಿ, "ದೇವರು ಏನೋ ಹೇಳೋಕೆ ಬಾಯಿ ತೆಗೆದಿರ್ತಾನೆ, ಅಷ್ಟರಲ್ಲಿ ಇವಳು ಎದ್ದಿರ್ತಾಳೆ," ಎಂದು ನಗುತ್ತಿದ್ದಳು.

ಆ ವಸಂತದಲ್ಲಿ ಮರ್ಸಿ ಹಾಸಿಗೆ ಹಿಡಿದಳು. ಇನ್ನು ಕೆಲವು ವಾರ ಅಷ್ಟೇ ಎಂದರು ವೈದ್ಯರು. ಅವಳು ಕೇಳಿದ್ದು ಒಂದೇ: ಈ ವರ್ಷದ ರಕ್ತಬೇರಿನ ಹೂವನ್ನು ನೋಡಬೇಕು. ನಮ್ಮೂರ ಬ್ರಾಂಡಿವೈನ್ ಹೊಳೆಯ ದಂಡೆಯ ಕಾಡಿನಲ್ಲಿ ಏಪ್ರಿಲ್ ಬಂದರೆ ಏಳುವ ಗಿಡ ಅದು. ಇರುವುದೊಂದೇ ಎಲೆ, ತಾಯಿ ಕೂಸನ್ನು ಶಾಲಿನಲ್ಲಿ ಸುತ್ತಿಕೊಂಡ ಹಾಗೆ ಮೊಗ್ಗನ್ನು ಸುತ್ತಿಕೊಂಡು ಮಣ್ಣಿನಿಂದ ಮೇಲೆ ಬರುತ್ತದೆ. ಅರಳಿದ ಬಿಳಿ ಹೂವಿಗೆ ಎರಡು ದಿನ ಆಯುಸ್ಸು. ಕಿತ್ತರೆ ಅದೂ ಇಲ್ಲ. ಚಿಕ್ಕಂದಿನಲ್ಲಿ ಮರ್ಸಿ ಅಮ್ಮನಿಗೆಂದು ಒಂದು ಹೂ ಕಿತ್ತು, ಅಂಗೈಯಲ್ಲಿ ಮುಚ್ಚಿಕೊಂಡು ಮನೆಗೆ ಓಡಿದ್ದಳಂತೆ. ಬಾಗಿಲಲ್ಲಿ ಕೈ ಬಿಚ್ಚಿದರೆ ಎಸಳೊಂದೂ ಇರಲಿಲ್ಲ. ಅಂಗೈ ತುಂಬ ದಂಟಿನ ಕೆಂಪು ರಸ.

ಅವಳ ಮೊಮ್ಮಗಳು ಫೋನಿನಲ್ಲಿ ಹೂವಿನ ಚಿತ್ರ ಹಿಡಿದು ತಂದಳು. "ಪೊಲೀಸಿನವರು ಕಳ್ಳರನ್ನ ನಿಲ್ಲಿಸಿ ತೆಗೆದ ಹಾಗಿದೆ," ಎಂದು ಮರ್ಸಿ ಮುಖ ತಿರುಗಿಸಿದಳು. ಆಗ ಒರ್ಫಾ, ನಾನೇ ಬರೆದು ತರುತ್ತೇನೆ ಎಂದುಬಿಟ್ಟಳು.

ಸಭಾಮನೆಯ ಹಿಂದಿನ ಕೋಣೆಯಲ್ಲಿ ಫಿಲಿನಾ ಎಂಬ ಹಿರಿಯರು ಮಂಗಳವಾರಗಳಲ್ಲಿ ನಮಗೆ ನೀರುಬಣ್ಣದಲ್ಲಿ ಗಿಡ ಬರೆಯುವುದನ್ನು ಕಲಿಸುತ್ತಿದ್ದರು. ನಮ್ಮಲ್ಲಿ ಗುರುವನ್ನೂ ಹೆಸರು ಹಿಡಿದೇ ಕರೆಯುವುದು. ಮೊದಲು ಹೂವು, ಆಮೇಲೆ ಎಲೆ. ಎಲೆ ಕಾಯುತ್ತದೆ, ಹೂವು ಕಾಯುವುದಿಲ್ಲ ಎನ್ನುತ್ತಿದ್ದರು. ತಟ್ಟೆಯಲ್ಲಿ ಬಣ್ಣಕ್ಕಿಂತ ನೀರು ಹೆಚ್ಚಿರಲಿ. ಹಚ್ಚಿದ್ದು ಒಣಗುವ ತನಕ ಕೈ ಮಡಿಲಲ್ಲಿರಲಿ. ಒರ್ಫಾ ಎಲ್ಲವನ್ನೂ ಕಲಿತಳು, ಕೈಯನ್ನು ಮಡಿಲಲ್ಲಿ ಇಡುವುದೊಂದನ್ನು ಬಿಟ್ಟು.

ಮೊದಲ ಹೂಗಳು ಅರಳಿದಾಗ ಅವಳು ಕಾಡಿನಲ್ಲಿ ಕೂತು ಬರೆದಳು. ಎಸಳು ಖಾಲಿ ಕಾಣುತ್ತದೆಂದು ಅಂಗಡಿಯಿಂದ ಬಿಳಿ ಬಣ್ಣ ತಂದು ಮೂರು ಸಲ ಬಳಿದಳು. ಹೂವು ಸುಣ್ಣ ಹೊಡೆದ ಗೋಡೆಯಂತಾಯಿತು. ಫಿಲಿನಾ ಅದನ್ನು ಬಹಳ ಹೊತ್ತು ನೋಡಿದರು.

"ಒರ್ಫಾ, ಬಿಳಿ ನಿಂದಲ್ಲ, ಕಾಗದದ್ದು. ಅದರ ಸುತ್ತ ಬರಿ. ಮೇಲೆ ಹೋಗ್ಬೇಡ."

"ಖಾಲಿ ಬಿಟ್ರೆ ಹೂವು ಎಲ್ಲಿಂದ ಬರುತ್ತೆ, ಫಿಲಿನಾ?"

"ಭಾನುವಾರ ಎಲ್ರೂ ಸುಮ್ನೆ ಕೂತಿರ್ತೀವಲ್ಲ, ಅಲ್ಲಿ ಏನೂ ಇಲ್ಲ ಅಂದ್ಕೊಂಡಿದ್ದೀಯಾ?"

ಒರ್ಫಾಳ ಕಿವಿ ಕೆಂಪಾಯಿತು. ನಾನು ನನ್ನ ಕುಂಚವನ್ನು ಸುಮ್ಮನೆ ಇನ್ನೊಮ್ಮೆ ತೊಳೆದೆ. ಆ ಭಾನುವಾರ ಸಭೆಯಲ್ಲಿ ಅವಳು ಬೆಂಚಿನ ಅಂಚು ಹಿಡಿದು ಅರ್ಧ ಎದ್ದಳು. ಮತ್ತೆ ಕೂತಳು.

ಸೋಮವಾರ ನಾವಿಬ್ಬರೂ ಹೊಳೆಯ ದಂಡೆಗೆ ಹೋದಾಗ ಹೂಗಳೆಲ್ಲ ಉದುರಿ ಒಂದೇ ಮೊಗ್ಗು ಉಳಿದಿತ್ತು. ಮರುದಿನ ಬಿಸಿಲೇರಿದಾಗ ಅದು ಅರಳಿತು. ಒರ್ಫಾ ಮುಕ್ಕಾಲಿ ಹಾಕಿಕೊಂಡು ಕೂತಳು. ಪೆನ್ಸಿಲ್ಲಿನಲ್ಲಿ ಎಂಟು ಎಸಳಿನ ಅಂಚು ಎಳೆದು, ನಡುವಿನ ಹಳದಿ ಕೇಸರಗಳನ್ನಿಟ್ಟಳು. ಎಸಳಿನ ಬುಡಕ್ಕೆ ನೆರಳೆಂದು ನೀರಿನಷ್ಟೇ ತೆಳುವಾದ ಬೂದು. ಅದು ಒಣಗುವವರೆಗೆ ಕೈ ಮಡಿಲಿಗೆ ಬಂತು. ಆರು ಎಸಳಿಗೆ ನೆರಳು ಬಿದ್ದಿತ್ತು, ಗಾಳಿ ಬಂತು. ಒಂದೊಂದಾಗಿ ಎಂಟೂ ಎಸಳು ಒಣ ಎಲೆಗಳ ಮೇಲೆ ಬಿದ್ದವು.

ಒರ್ಫಾಳ ಕುಂಚ ಉಳಿದೆರಡು ಎಸಳುಗಳ ಮೇಲೆ ಬಂದು ನಿಂತಿತು. ನೆನಪಿನಿಂದ ಬರೆದಾಳು, ಬರೆದು ಕೆಡಿಸಿಯಾಳು ಎಂದು ನಾನು ಉಸಿರು ಹಿಡಿದೆ. ಅವಳು ಕುಂಚವನ್ನು ಪಕ್ಕಕ್ಕೆ ತಂದು ಹಸಿರಿಗೆ ಅದ್ದಿದಳು. ಹೂವಿನ ಹಿಂದಿನ ಎಲೆಯನ್ನು ಎಸಳಿನ ಅಂಚಿನವರೆಗೆ ತಂದು ನಿಲ್ಲಿಸಿದಳು. ಏನೂ ಬರೆಯದ ಜಾಗ ಬೆಳ್ಳಗೆ ಮುಂದೆ ಬಂತು.

ಸಂಜೆ ಮರ್ಸಿಗೆ ದಿಂಬು ಕೊಟ್ಟು ಕೂರಿಸಿ ಚಿತ್ರವನ್ನು ಕೈಗಿಟ್ಟೆವು. ಅವಳು ಅದನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು.

"ಎರಡು ಎಸಳು ಹಾಗೇ ಬಿಟ್ಟಿದ್ದೀಯಲ್ಲೇ."

"ಬಿಟ್ಟೆ ಅಕ್ಕ."

"ನೀನೇ ಬರೆದದ್ದು ಅಂದ್ರೆ ಊರಲ್ಲಿ ಯಾರೂ ನಂಬಲ್ಲ, ಬಿಡು."

ಒರ್ಫಾ ಅಕ್ಕನ ಕಾಲ ಬಳಿ ಕೂತಳು. ಮೂವರೂ ಭಾನುವಾರದ ಸಭೆಯಲ್ಲಿ ಕೂತ ಹಾಗೆ ಕೂತೆವು. ನಮ್ಮ ನಡುವೆ ಇನ್ನೊಬ್ಬನೂ ಇದ್ದನೆಂದು ನಾನು ನಂಬುತ್ತೇನೆ. ಆಮೇಲೆ ಮರ್ಸಿ ಹೂವಿನ ಮೇಲೆ ಅಂಗೈ ಮುಚ್ಚಿದಳು. ನಿಧಾನವಾಗಿ ತೆಗೆದು, ಕೈ ತಿರುಗಿಸಿ ನೋಡಿಕೊಂಡಳು. ಅಂಗೈಯಲ್ಲಿ ಕೆಂಪಿರಲಿಲ್ಲ.

"ಈ ಸಲ ಮನೆ ಮುಟ್ತು," ಎಂದಳು.