ನಾದಿನಿಯ ಬ್ಯಾಕ್ಟೀರಿಯಾ

ಬ್ಯಾಕ್ಟೀರಿಯಾಗಳ ಜೀನು ಓದುವುದರಲ್ಲಿ ನನ್ನನ್ನು ಮೀರಿಸುವವರು ಮೂರು ಲೋಕದಲ್ಲೂ ಇಲ್ಲ. ಒಂಬೈನೂರು ಬ್ಯಾಕ್ಟೀರಿಯಾಗಳ ಹಣೆಬರಹ ನನ್ನ ಕಂಪ್ಯೂಟರಿನಲ್ಲಿದೆ. ನಾನು ಪ್ರಯೋಗಾಲಯಕ್ಕೆ ಕಾಲಿಟ್ಟರೆ ಗಾಜಿನ ತಟ್ಟೆಯಲ್ಲಿರುವವು ಎದ್ದು ನಿಲ್ಲುತ್ತವೆ.

ಇಂಥ ನನ್ನ ಕೈಗೆ ಹೆಂಡತಿಯ ತಂಗಿಯ ಬ್ಯಾಕ್ಟೀರಿಯಾ ಸಿಕ್ಕಿತು. ಕೊಳದ ಪಾಚಿಯಿಂದ ತಂದ ಆ ಹಠಮಾರಿಯನ್ನು ಅವಳು ನಮ್ಮ ಪ್ರಯೋಗಾಲಯದಲ್ಲೇ ಎರಡು ವರ್ಷ ಸಾಕಿದ್ದಳು. ಅದರ ಜೀನುಗಳನ್ನು ಗುರುತಿಸಿ ವರದಿ ಬರೆಯಬೇಕಾದವನು ನಾನು. ವರದಿ ಚೆನ್ನಾಗಿದ್ದರೆ ಅವಳ ಹುದ್ದೆ ಉಳಿಯುತ್ತದೆ, ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆಗೆ. ಭಾವ ನಾದಿನಿಗೆ ದಾರಿ ಮಾಡಿಕೊಟ್ಟ ಎಂದು ಯಾರಾದರೂ ಆಡಿಕೊಂಡಾರು ಎಂಬ ಭಯಕ್ಕೆ ನಾನು ಕತ್ತಿಯನ್ನು ಎರಡು ಪಟ್ಟು ಮಸೆದುಕೊಂಡೇ ಕೂತೆ.

ನೋಡಿದರೆ ಜೀನುಗಳೆಲ್ಲ ನಡುವೆಯೇ ತುಂಡು. ಜೀವಕೋಶ ಜೀನನ್ನು ಮೂರು ಮೂರು ಅಕ್ಷರವಾಗಿ ಓದುತ್ತದೆ. ಪ್ರತಿ ಮೂರಕ್ಕೂ ಟಿ-ಆರ್‌ಎನ್‌ಎ ಎಂಬ ಹಮಾಲಿಯೊಬ್ಬ ಒಂದು ಅಮೈನೋ ಆಮ್ಲ ಹೊತ್ತು ತರುತ್ತಾನೆ, ಪ್ರೋಟೀನು ಉದ್ದವಾಗುತ್ತದೆ. ಯುಜಿಎ ಎಂಬ ಮೂರಕ್ಕೆ, ಅದರಂಥ ಇನ್ನೆರಡಕ್ಕೆ ಮಾತ್ರ ಹಮಾಲಿ ಇರುವುದಿಲ್ಲ, ಅಲ್ಲಿಗೆ ಕೆಲಸ ಮುಗಿಯಿತು. ಇವಳ ಬ್ಯಾಕ್ಟೀರಿಯಾದ ಜೀನುಗಳ ಹೊಟ್ಟೆಯಲ್ಲೇ ನಾನೂರ ಹನ್ನೆರಡು ಕಡೆ ಯುಜಿಎ ಇತ್ತು.

ಸೋಮವಾರದ ಸಭೆಯಲ್ಲಿ ಅದನ್ನು ಪರದೆಯ ಮೇಲೆ ಹಾಕಿದೆ. "ಇದು ಬ್ಯಾಕ್ಟೀರಿಯಾ ಅಲ್ಲ, ಕೆಡವಿದ ಮನೆಯ ಇಟ್ಟಿಗೆ ರಾಶಿ," ಎಂದೆ. ಇಡೀ ಸಭಾಂಗಣ ನಕ್ಕಿತು.

ನಾದಿನಿ ಎದ್ದು ನಿಂತಳು. "ಸರ್, ಉದ್ದ ಅಳೆಯೋ ಜೆಲ್‌ನಲ್ಲಿ ಪ್ರೋಟೀನು ಪೂರ್ತಿ ಉದ್ದ ಬಂದಿದೆ. ತುಂಡಾಗಿದ್ರೆ ಅಷ್ಟುದ್ದ ಹೇಗೆ ಬರತ್ತೆ? ಮತ್ತೆ ಮುರಿದಿರೋ ಕಡೆಯೆಲ್ಲ ಬರೀ ಯುಜಿಎ. ಕೆಲಸ ನಿಲ್ಲಿಸೋ ಬೇರೆ ಎರಡು ಒಂದ್ಸಲನೂ ಇಲ್ಲ."

"ತಟ್ಟೆ ತೊಳೆದು ಜೆಲ್ ಹಾಕಮ್ಮ, ಎಲ್ಲ ಸರಿಹೋಗತ್ತೆ," ಎಂದೆ. ಮತ್ತೆ ನಗು. ಅವಳು ಕೂತಳು. ಮಾದರಿ ಕಲುಷಿತ, ಎರಡು ವರ್ಷದ ಕೆಲಸ ನಿರುಪಯುಕ್ತ ಎಂದು ವರದಿ ಬರೆದೆ. ಹುದ್ದೆ ಹೋಯಿತು.

ಶುಕ್ರವಾರ ಅದೇ ಕಡತವನ್ನು ತೆರೆದೆ. ಯಾಕೆಂದರೆ, ಹೇಳಲೂ ನಾಚಿಕೆ, ಮುಂದಿನ ಉಪನ್ಯಾಸಕ್ಕೆ ಆ ನಗೆಚಟಾಕಿ ಮತ್ತೆ ಬೇಕಿತ್ತು. ಸುಮ್ಮನೆ ಹಮಾಲಿಗಳ ಪಟ್ಟಿಯ ಮೇಲೆ ಕಣ್ಣಾಡಿಸಿದೆ. ಅಲ್ಲೊಬ್ಬ ಇದ್ದ: ಇರಲೇಬಾರದವನು, ಯುಜಿಎಗೆ ಸರಿಯಾಗಿ ಕೂರುವವನು, ತಲೆಯ ಮೇಲೆ ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲ ಹೊತ್ತವನು. ಈ ಬ್ಯಾಕ್ಟೀರಿಯಾಕ್ಕೆ ಯುಜಿಎ ನಿಲ್ಲುವ ಜಾಗವೇ ಅಲ್ಲ. ಯಾವ ಮೂರಕ್ಕೆ ಏನರ್ಥ ಎಂಬ ಕೋಷ್ಟಕವನ್ನು ಆರಿಸುವ ಗುಂಡಿ ನನ್ನ ತಂತ್ರಾಂಶದಲ್ಲಿದೆ. ಒಂಬೈನೂರು ಸಲ ನಾನು ಅದನ್ನು ಮುಟ್ಟಿಯೇ ಇರಲಿಲ್ಲ. ಈಗ ಬದಲಿಸಿದೆ. ನಾನೂರ ಹನ್ನೆರಡು ಮುರಿತವೂ ಕಣ್ಣು ಮಿಟುಕಿಸುವಷ್ಟರಲ್ಲಿ ಕೂಡಿಕೊಂಡವು.

ನನ್ನ ಕಿವಿಯ ಬಿಸಿಗೆ ಹತ್ತು ಮಂದಿಗೆ ಚಹಾ ಕುದಿಸಬಹುದಿತ್ತು. ನಾಚಿಕೆಯಲ್ಲೂ ನನ್ನನ್ನು ಮೀರಿಸುವವರಿಲ್ಲ. ಆದರೂ ಪೂರ್ತಿ ಹೇಳಿಬಿಡುತ್ತೇನೆ: ಮೊದಲ ಹನ್ನೊಂದು ನಿಮಿಷ ನಾನು ಮಾಡಿದ್ದು, ಈ ಶೋಧನೆಗೊಂದು ಶೀರ್ಷಿಕೆ ಬರೆದು ಕೆಳಗೆ ನನ್ನ ಹೆಸರು ಹಾಕಿ ನೋಡಿದ್ದು. ಚೆನ್ನಾಗಿಯೇ ಕಂಡಿತು. ಆಮೇಲೆ ಅಳಿಸಿ, ಫ್ರೀಜರ್ ಕೋಣೆಗೆ ಓಡಿದೆ.

ಅವಳು ಕೈಗವಸು ಹಾಕಿಕೊಂಡು ಟ್ಯೂಬುಗಳನ್ನು ಎಣಿಸುತ್ತಿದ್ದಳು. "ನಿಮ್ಮ ವರದಿ ಪ್ರಕಾರ ಹತ್ತರಲ್ಲಿ ಎಂಟು ಬೇಯಿಸಿ ಎಸೆದಾಯ್ತು ಭಾವ. ಎರಡು ಉಳಿದಿದೆ."

"ಅವನ್ನ ಎಸೀಬೇಡ. ಕೋಷ್ಟಕ ತಪ್ಪಿತ್ತು. ನಿನ್ನ ಬ್ಯಾಕ್ಟೀರಿಯಾ ಸರಿಯಾಗೇ ಇದೆ."

"ಗೊತ್ತು. ಮಂಗಳವಾರವೇ ಬದಲಿಸಿ ನೋಡಿದೆ. ನಿಮಗೆ ಮೇಲ್ ಹಾಕಿದ್ದೆ."

ಹಾಕಿದ್ದಳು. ಕೆಲಸ ಉಳಿಸಿ ಎಂಬ ಗೋಳಿರಬೇಕೆಂದು ತೆರೆಯದೆ ಅಳಿಸಿದ್ದೆ.

"ಅಕ್ಕನ ಹತ್ರ ಹೇಳಿಸಬಹುದಿತ್ತಲ್ಲ."

"ಅಕ್ಕ ಯಾಕೆ ಹೇಳ್ಬೇಕು? ಬ್ಯಾಕ್ಟೀರಿಯಾ ಸಾಕಿದ್ದು ನಾನು."

"ನಿರ್ದೇಶಕಿ ಹತ್ರ ನಾನು ಮಾತಾಡ್ತೀನಿ."

"ಬಾಗಿಲು ಹಾಕ್ಕೊಂಡು ಮಾತಾಡ್ಬೇಡಿ. ನಗಿಸಿದ್ದು ಎಲ್ಲರ ಮುಂದೆ ತಾನೇ," ಎಂದು ಆ ಎರಡನ್ನೂ ಒಳಗಿಟ್ಟು ಬೀಗ ಹಾಕಿದಳು. ನಿಯಮದಂತೆ ಕೀಲಿಕೈಯನ್ನು ಕಚೇರಿಗೆ ಒಪ್ಪಿಸಿ ಹೋದಳು.

ಸೋಮವಾರ ಅದೇ ಸಭಾಂಗಣದಲ್ಲಿ ನಿಂತೆ. ದಾರಿಯಲ್ಲಿ ಮೂರು ನಗೆಹನಿ ಹೊಂದಿಸಿಕೊಂಡಿದ್ದೆ, ಒಂದೂ ಬಾಯಿಗೆ ಬರಲಿಲ್ಲ. ಕೋಷ್ಟಕ ತೋರಿಸಿದೆ, ಆ ಹಮಾಲಿಯನ್ನು ತೋರಿಸಿದೆ, ವರದಿ ತಪ್ಪು ಎಂದೆ.

ನಿರ್ದೇಶಕಿ ಕನ್ನಡಕ ತೆಗೆದರು. "ಇದನ್ನ ನಿಮಗೆ ಯಾರೂ ಮೊದಲೇ ಹೇಳಿರಲಿಲ್ವಾ?"

ಇಲ್ಲ ಎನ್ನಲು ನಾಲಿಗೆ ಸಿದ್ಧವಾಗಿತ್ತು. ಹಿಂದಿನ ಸಾಲಿನಲ್ಲಿ ಅವಳು ಕೂತಿದ್ದಳು.

"ಹೇಳಿದ್ರು. ಎರಡು ಸಲ. ನಾನು ಕೇಳಿಸ್ಕೊಳ್ಳಲಿಲ್ಲ."

ಹೊಸ ವರದಿಯನ್ನು ಅವಳೇ ಬರೆಯಲಿ, ಹುದ್ದೆ ರದ್ದು ಮಾಡಿದ ಆದೇಶವನ್ನು ಅಲ್ಲಿಯವರೆಗೆ ತಡೆಹಿಡಿಯುತ್ತೇನೆ ಎಂದರು ನಿರ್ದೇಶಕಿ.

"ಹಾಗಾದ್ರೆ ಫ್ರೀಜರ್ ಕೀಲಿಕೈ ಕೊಡಿಸಿ ಮೇಡಮ್. ಇವತ್ತೇ ಆ ಎರಡು ಟ್ಯೂಬಿಂದ ಶುರು ಮಾಡ್ಬೇಕು," ಎಂದಳು ನಾದಿನಿ.

"ಅದು ಕಚೇರೀಲಿ ಇಲ್ವಲ್ಲ," ಎಂದರು ನಿರ್ದೇಶಕಿ, ನನ್ನ ಕಡೆ ಕೈ ತೋರಿಸಿ. "ಆ ಫ್ರೀಜರ್ ಖಾಲಿಯಾದ್ರೆ ತಮಗೆ ಬೇಕು ಅಂತ ಇವರು ಹೋದ ವಾರವೇ ಅರ್ಜಿ ಕೊಟ್ಟಿದ್ರು. ಇವತ್ತು ಬೆಳಿಗ್ಗೆ ಗುಮಾಸ್ತರು ಅದನ್ನ ಇವರ ಮೇಜಿಗೇ ತಲುಪಿಸಿದ್ದಾರೆ."

ನಲವತ್ತು ಮಂದಿ ನನ್ನನ್ನೇ ನೋಡಿದರು. ನಲವತ್ತು ಸಾವಿರ ಎನ್ನುತ್ತಿದ್ದೆ, ಆದರೆ ನಲವತ್ತೇ. ಜೇಬಿನಿಂದ ಕೀಲಿಕೈ ತೆಗೆದು, ಕುರ್ಚಿಗಳ ನಡುವೆ ಹಿಂದಿನ ಸಾಲಿನವರೆಗೂ ನಡೆದುಹೋಗಿ ಅವಳ ಕೈಗಿಟ್ಟೆ.