ನಾಲ್ಕೋ ಆರೋ

ಶನಿಗ್ರಹ ಮತ್ತೆ ಕುದಿಯುತ್ತಿತ್ತು. ನೊಲ್ವಿಯಾ ಕಣ್ಣು ಹಿಂದೆಗೆದು, ಒರೆಸಿಕೊಂಡು, ಮತ್ತೆ ದೂರದರ್ಶಕದ ಐಪೀಸಿಗೆ, ಕಣ್ಣಿಡುವ ಆ ಪುಟ್ಟ ಮಸೂರಕ್ಕೆ, ಹಚ್ಚಿದಳು. ಬಕೆಟ್ಟಿನ ತಳದಲ್ಲಿ ಬಿದ್ದ ನಾಣ್ಯ ನೀರು ಅಲುಗಿದಾಗ ಕಾಣುವ ಹಾಗೆ, ಉಂಗುರ ಒಮ್ಮೆ ಎರಡಾಗುತ್ತಿತ್ತು, ಒಮ್ಮೆ ಕರಗುತ್ತಿತ್ತು. ನಾಲ್ಕು ಮಿಲಿಮೀಟರಿನದನ್ನು ಬಿಚ್ಚಿ ಆರರದನ್ನು ಹಾಕಿದಳು. ಈ ಕಸುಬಿನಲ್ಲಿ ಅಂಕಿ ಚಿಕ್ಕದಾದಷ್ಟೂ ಚಿತ್ರ ದೊಡ್ಡದು. ಆರರಲ್ಲಿ ಗ್ರಹ ಸ್ವಲ್ಪ ಕುಗ್ಗಿತು, ಕುದಿತ ನಿಲ್ಲಲಿಲ್ಲ. ದೂರದರ್ಶಕದ ಜೊತೆಗೇ ಬಂದಿದ್ದ ಹಳೆಯ ಇಪ್ಪತ್ತೈದರಲ್ಲಿ ಮಾತ್ರ ಅದು ಅಲ್ಲಾಡದೆ ನಿಂತಿತ್ತು, ಆದರೆ ಬೇಳೆಕಾಳಿನಷ್ಟು. ಬೇಳೆಕಾಳು ನೋಡಲು ಯಾರೂ ದುಡ್ಡು ಕೊಟ್ಟು ಬರುವುದಿಲ್ಲ.

ಎರಡು ಐಪೀಸುಗಳನ್ನೂ ಮಂಗಳವಾರ ಕೊಟ್ಟವನು ವಿಕುನ್ಯಾ ಪೇಟೆಯಲ್ಲಿ ಕನ್ನಡಕದಂಗಡಿ ಇಟ್ಟಿರುವ ಲಿಸಾಂದ್ರೊ. ಎರಡನ್ನೂ ಒಯ್ದು ನೋಡು, ಸೋಮವಾರ ಒಂದನ್ನು ವಾಪಸು ತಾ, ಆದರೆ ಕೊಳೆಯಾದದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ, ಅದು ನಿನ್ನದೇ ಎಂದಿದ್ದ. ನಿಜ ಹೇಳಬೇಕೆಂದರೆ ಅವನಿಗೆ ಎರಡರಲ್ಲಿ ಒಂದನ್ನೂ ಕೊಡುವ ಮನಸ್ಸಿರಲಿಲ್ಲ. "ನಾಲ್ಕು ಕೇಳೋರೆಲ್ಲ ಜಂಬದೋರು ಕಣೇ. ಈ ಬೆಟ್ಟದ ಗಾಳಿ ಅದನ್ನ ಬದುಕೋಕೆ ಬಿಡಲ್ಲ. ಸುಮ್ನೆ ಹತ್ತರದ್ದು ತಗೊಂಡು ಹೋಗು," ಎಂದಿದ್ದ. ಜಂಬ ಇದ್ದರೆ ಏನು ತಪ್ಪು ಎಂದು ನೊಲ್ವಿಯಾ ಎರಡು ಡಬ್ಬಿಗಳನ್ನೂ ಚೀಲಕ್ಕೆ ಹಾಕಿಕೊಂಡು ಬಂದಿದ್ದಳು.

ಹತ್ತೊಂಬತ್ತು ಬೇಸಿಗೆ ಅವಳು ದ್ರಾಕ್ಷಿ ಪ್ಯಾಕಿಂಗ್ ಶೆಡ್ಡಿನಲ್ಲಿ ನಿಂತಿದ್ದಳು. ಭೂಮಿಯ ಈ ದಕ್ಷಿಣದ ಕಡೆ ಬೇಸಿಗೆಯಾದ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹೊರಗೆ ಬೆಂಕಿ, ಶೆಡ್ಡಿನೊಳಗೆ ಮಂಜುಗಡ್ಡೆಯ ಚಳಿ; ಗೊಂಚಲು ಎತ್ತು, ಕೆಟ್ಟ ಹಣ್ಣು ಕತ್ತರಿಸು, ಪೆಟ್ಟಿಗೆಗೆ ಇಡು. ಮೊಣಕಾಲುಗಳು ಹೋಗಿದ್ದವು, ಕಣ್ಣು ಉಳಿದಿತ್ತು. ಶೆಡ್ಡಿನ ಈ ವರ್ಷದ ಕೆಲಸಗಾರರ ಪಟ್ಟಿಗೆ ಸೋಮವಾರದೊಳಗೆ ಹೆಸರು ಬರೆಸಬೇಕು. ಬರೆಸದಿರಲು ಇದ್ದದ್ದು ಒಂದೇ ದಾರಿ. ಮೇಲಿನ ಕೇರಿಯಲ್ಲಿ ಏಳು ಕೋಣೆಯ ವಸತಿಗೃಹ ನಡೆಸುವ, ಊರೆಲ್ಲ ಗೌರವದಿಂದ ದೋನ್ಯ ಎನ್ನುವ ಇರ್ಮಾ ಶುಕ್ರವಾರ ಸಂಜೆ ಬಂದು ನೋಡುತ್ತೇನೆ ಎಂದಿದ್ದಳು. ಅವಳ ಅತಿಥಿಗಳು ಗುಡ್ಡದ ಮೇಲಿನ ವೀಕ್ಷಣಾಲಯದಲ್ಲಿ ಒಂದು ಗಂಟೆ ಸಾಲು ನಿಂತು, ಅರ್ಧ ನಿಮಿಷ ನೋಡಿ, ಗೊಣಗುತ್ತ ಬರುತ್ತಿದ್ದರು. ಅವಳಿಗೆ ಹಿಡಿಸಿದರೆ ಬೇಸಿಗೆ ಪೂರ್ತಿ ಅವರನ್ನು ದುಡ್ಡು ಕೊಟ್ಟು ನೋಡಲು ಇದೇ ಹಿತ್ತಲಿಗೆ ಕಳಿಸುತ್ತಾಳೆ.

ಇಂದು ಗುರುವಾರ. ಮಂಗಳವಾರವೂ ಹೀಗೇ ಕುದಿದಿತ್ತು. ಬುಧವಾರ ತೋಟದಲ್ಲಿ ದ್ರಾಕ್ಷಿ ಬಳ್ಳಿ ಕಟ್ಟುವ ಕೆಲಸ ಮುಗಿಸಿ ಬರುವಾಗ ತಡವಾಗಿ, ನೋಡಿರಲಿಲ್ಲ. ಇಂದು ಸೂರ್ಯ ಮುಳುಗಿ ಕಣಿವೆಯ ಗಾಳಿ ನಿಂತಿತ್ತು. ಬೇಲಿಯ ಮೇಲಿನ ಬಟ್ಟೆಯ ತುದಿ ಕೂಡ ಅಲುಗುತ್ತಿರಲಿಲ್ಲ. ಗಾಳಿಯೇ ಇಲ್ಲದ ಮೇಲೆ ಗಾಳಿಯನ್ನು ಬೈಯುವುದು ಹೇಗೆ?

ತಾಯಿ ಸುನಿಲ್ದಾ ಉದ್ದ ಹಿಡಿಯ ಹಲಗೆ ಹಿಡಿದು ಬಂದು ಮಣ್ಣಿನ ಒಲೆಯ ಬಾಯಿಯ ತಗಡು ಸರಿಸಿದಳು. ವಾರದಲ್ಲಿ ಮೂರು ಸಂಜೆ ಅವಳು ಬ್ರೆಡ್ಡು ಸುಡುತ್ತಿದ್ದಳು. ಸಂಜೆ ಚಹಾದ ಹೊತ್ತಿಗೆ ಅರ್ಧ ಬೀದಿ ಅದಕ್ಕೆ ಕಾದಿರುತ್ತಿತ್ತು. "ಸಿಕ್ಕಿತಾ ನಿನ್ನ ಗ್ರಹ?" ಎಂದು ಕೇಳಿದಳು. ನೊಲ್ವಿಯಾ ಒಲೆಯ ಗುಮ್ಮಟದ ಮೇಲಿಂದ ಆಚೆ ಮನೆಯ ಕಂಬದ ದೀಪವನ್ನು ನೋಡುತ್ತಿದ್ದಳು. ದೀಪ ನಡುಗುತ್ತಿತ್ತು. ಬಕೆಟ್ಟಿನ ನಾಣ್ಯದ ಹಾಗೆಯೇ. ಎರಡು ಹೆಜ್ಜೆ ಎಡಕ್ಕೆ ಹೋಗಿ ನೋಡಿದಳು. ಅದೇ ದೀಪ ಗೋಡೆಗೆ ಮೊಳೆ ಹೊಡೆದಂತೆ ನಿಂತಿತ್ತು.

ಅವಳು ದೂರದರ್ಶಕವನ್ನು ಕೈಗಾಡಿಗೆ ಹೇರಿ ಬೀದಿಗೆ ಎಳೆದಳು. ಕಣ್ಣಿಗೆ ಹೊಡೆಯುವ ಬೀದಿದೀಪಕ್ಕೆ ತಲೆಯ ಮೇಲೆ ಟವೆಲು ಹೊದ್ದು ನಾಲ್ಕನ್ನು ಹಾಕಿದಳು. ಶನಿ ನಿಂತಿತ್ತು. ದೊಡ್ಡದಾಗಿ, ಅಂಚು ಕತ್ತರಿಸಿಟ್ಟಂತೆ, ಉಂಗುರದ ನಡುವಿನ ಕಪ್ಪು ಗೆರೆ ಸಮೇತ. ಭೂಮಿ ತಿರುಗಿದಂತೆ ಗ್ರಹ ಕಣ್ಣಿಂದ ಜಾರಿಹೋಗುವ ತನಕ ನೋಡಿದಳು, ಕೊಳವೆ ತಳ್ಳಿ ಹಿಡಿದು ಮತ್ತೆ ನೋಡಿದಳು. ನಾಯಿಗಳು ಬಂದು ಗಾಡಿಯ ಸುತ್ತ ಸೇರಿದವು. ಲಿಸಾಂದ್ರೊನ ಬೆಟ್ಟದ ಗಾಳಿ ಎಂದರೆ ಅಮ್ಮನ ಒಲೆಯಿಂದೇಳುವ ಬಿಸಿಗಾಳಿ.

ಆದರೆ ಲಾರಿ ಓಡಾಡುವ ಬೀದಿಯಲ್ಲಿ ಅತಿಥಿಗಳನ್ನು ನಿಲ್ಲಿಸುವಂತಿರಲಿಲ್ಲ. ಹಿತ್ತಲಲ್ಲಿ ಒಂದು ಮೂಲೆಗೆ ವಾಲ್‌ನಟ್ ಮರ, ಇನ್ನೊಂದಕ್ಕೆ ಕೋಳಿಗೂಡು. ಆಕಾಶ ತೆರೆದಿದ್ದದ್ದು ಒಲೆಯ ಮೇಲೆ ಮಾತ್ರ. ನಾಳೆ ಒಲೆ ಹಚ್ಚಬೇಡ ಎಂದಾಗ ಸುನಿಲ್ದಾ ಹಲಗೆಯನ್ನು ಗೋಡೆಗೆ ಒರಗಿಸಿ ಮಗಳನ್ನು ನೋಡಿದಳು. ದೋನ್ಯ ಇರ್ಮಾ ಬರುವಳೆಂದೇ ನಾಳೆ, ವಾರದ ಲೆಕ್ಕಕ್ಕಿಲ್ಲದ ದಿನ, ಅವಳು ಹಿಟ್ಟು ಕಲಸಲು ನಿರ್ಧರಿಸಿದ್ದಳು.

"ಮನೆಗೆ ಬಂದೋಳಿಗೆ ಬಿಸಿ ಬ್ರೆಡ್ಡು ಇಲ್ದೆ ಚಹಾ ಕೊಡ್ಲಾ? ನಿನ್ನ ಮದುವೆ ದಿನವೂ ನಾನು ಒಲೆ ಆರಿಸಿಲ್ಲ."

"ಆ ಮದುವೆ ಉಳೀತಾ? ಇದು ಉಳೀಬೇಕಮ್ಮ."

ಮರುದಿನ ಒಲೆ ತಣ್ಣಗಿತ್ತು. ಸಂಜೆ ಅಡುಗೆಮನೆಯ ಗ್ಯಾಸಿನ ಮೇಲೆ ಕಾವಲಿ ಇಟ್ಟು ಸುನಿಲ್ದಾ ಚುರ್ರಾಸ್ಕಾ ಬೇಯಿಸುತ್ತಿದ್ದಳು. ದಪ್ಪ ರೊಟ್ಟಿ, ಗಡಿಬಿಡಿಯವರ ರೊಟ್ಟಿ. ಅದನ್ನು ಹೊರಗಿನವರಿಗೆ ಬಡಿಸುವ ನಾಚಿಕೆಗೆ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡುತ್ತಿದ್ದಳು.

ದೋನ್ಯ ಇರ್ಮಾ ದಪ್ಪ ಕನ್ನಡಕ ಹಾಕಿಕೊಂಡು ಬಂದಳು. ನೊಲ್ವಿಯಾ ನಾಲ್ಕನ್ನು ಹಾಕಿ ಗ್ರಹವನ್ನು ಹಿಡಿದುಕೊಟ್ಟಳು. ಆದರೆ ನಾಲ್ಕರ ಗಾಜು ಗುಂಡುಸೂಜಿಯ ತಲೆಯಷ್ಟಿತ್ತು. ಕನ್ನಡಕ ತೆಗೆದರೆ ಗೆರೆಯೂ ಸೊಟ್ಟ ಕಾಣುವ ಇರ್ಮಾಳ ದೃಷ್ಟಿಗೆ ಎಲ್ಲ ಮಸುಕು. ಹಾಕಿಕೊಂಡರೆ ಕಣ್ಣು ಹತ್ತಿರ ಹೋಗುವುದಿಲ್ಲ. ಅವಳು ಬಗ್ಗಿದಳು, ತಲೆ ಓರೆ ಮಾಡಿದಳು, ಕೊಳವೆಗೆ ಮೂಗು ತಾಗಿಸಿದಳು. ಅಷ್ಟರಲ್ಲಿ ಗ್ರಹ ಜಾರಿಹೋಗಿತ್ತು.

"ಕಪ್ಪು ಕಾಣ್ತಿದೆ. ಚೆನ್ನಾಗಿದೆ, ಆದ್ರೆ ಕಪ್ಪು."

ನಿನ್ನೆ ತಾನು ಕಂಡ ಆ ಕಪ್ಪು ಗೆರೆ ಒಂದು ಕ್ಷಣ ನೊಲ್ವಿಯಾಳ ಕಣ್ಣ ಮುಂದೆ ಬಂತು. ಒಂದು ಕ್ಷಣ ಮಾತ್ರ. ನಾಲ್ಕನ್ನು ಬಿಚ್ಚಿ ಜೇಬಿಗೆ ಹಾಕಿ ಆರನ್ನು ಕೂರಿಸಿದಳು. ಅದರ ಗಾಜು ಅಗಲ, ಕನ್ನಡಕದ ಮೇಲಿಂದಲೇ ನೋಡಬಹುದು. "ಕನ್ನಡಕ ಇರಲಿ ದೋನ್ಯ. ಮುಟ್ಟಬೇಡಿ, ಸುಮ್ನೆ ನೋಡಿ," ಎಂದಳು.

ಇರ್ಮಾ ಬಗ್ಗಿದಳು. ಈ ಸಲ ತಲೆ ಓರೆಯಾಗಲಿಲ್ಲ. ಬಹಳ ಹೊತ್ತು ಬೆನ್ನು ನೆಟ್ಟಗಾಗಲೂ ಇಲ್ಲ. ಕೊನೆಗೆ ಎದ್ದವಳು ಗ್ರಹದ ಬಗ್ಗೆ ಏನೂ ಹೇಳದೆ, ತನ್ನ ಅತಿಥಿಗಳಲ್ಲಿ ಅರ್ಧಕ್ಕರ್ಧ ಕನ್ನಡಕದವರು, ದಿನಕ್ಕೆ ಎಂಟು ಜನರಿಗಿಂತ ಹೆಚ್ಚು ಕಳಿಸುವುದಿಲ್ಲ, ಡಿಸೆಂಬರ್ ಮೊದಲ ವಾರದಿಂದ ಶುರು ಎಂದಳು. ಆಮೇಲೆ ಎರಡು ಚುರ್ರಾಸ್ಕಾ ತಿಂದು, ಮೂರನೆಯದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದಳು.

ಸುನಿಲ್ದಾ ಕೈಯಲ್ಲಿ, ಹುಬ್ಬಿನಲ್ಲಿ ಹಿಟ್ಟು ಮೆತ್ತಿಕೊಂಡೇ ಹಿತ್ತಲಿಗೆ ಬಂದಳು. ಮೂರು ವರ್ಷದಿಂದ ಅಲ್ಲಿ ನಿಂತಿದ್ದ ಆ ಕೊಳವೆಯೊಳಗೆ ಅವಳು ಒಮ್ಮೆಯೂ ಇಣುಕಿರಲಿಲ್ಲ. ಈಗ ಬಗ್ಗಿ, ಮುಟ್ಟಬೇಡ ಎನ್ನುವಷ್ಟರಲ್ಲಿ ಕಣ್ಣನ್ನು ಒತ್ತಿಯೇ ಹಚ್ಚಿದಳು.

"ಇಷ್ಟಕ್ಕಾ ನನ್ನ ಒಲೆ ಆರಿಸಿದ್ದು?"

ಹಾಗೆಂದವಳು ಕಣ್ಣು ತೆಗೆಯಲಿಲ್ಲ. ಗ್ರಹ ಅಂಚಿಗೆ ಹೋದಾಗ ಕೈ ಬೀಸಿ ಮಗಳನ್ನು ಕರೆದಳು. ನೊಲ್ವಿಯಾ ಕೊಳವೆಯನ್ನು ಬೆರಳಷ್ಟು ತಳ್ಳಿ ಗ್ರಹವನ್ನು ನಡುವಿಗೆ ತಂದಳು. ಹಾಗೆ ನಾಲ್ಕು ಸಲ. ಆಮೇಲೆ ಸುನಿಲ್ದಾ ಸೊಂಟ ಹಿಡಿದು ನಿಂತು, ಇನ್ನು ಸಂಜೆಯ ಬದಲು ಬೆಳಗಿನ ಜಾವ ಐದಕ್ಕೆ ಒಲೆ ಹಚ್ಚುವುದಾದರೆ ಸೌದೆಯನ್ನು ಹಿಂದಿನ ದಿನವೇ ಒಡೆದಿಡಬೇಕು, ಅದು ತನ್ನ ಕೆಲಸವಲ್ಲ ಎಂದು ಹೇಳಿ ಒಳಗೆ ಹೋದಳು.

ನೊಲ್ವಿಯಾ ಜೇಬಿನಿಂದ ನಾಲ್ಕನ್ನು ತೆಗೆದು, ಸ್ವಚ್ಛವಾಗಿದೆಯೇ ಎಂದು ದೀಪಕ್ಕೆ ಹಿಡಿದು ನೋಡಿ, ಡಬ್ಬಿಗೆ ಹಾಕಿ ಮುಚ್ಚಿದಳು. ಆರರ ಕಪ್ಪು ರಬ್ಬರಿನ ಅಂಚಿನ ಸುತ್ತ ಹಿಟ್ಟಿನ ಬಿಳಿ ಬಳೆ ಮೂಡಿತ್ತು. ಅವಳು ಅದನ್ನು ಒರೆಸಲಿಲ್ಲ.